ಮೂತ್ರಕೋಶದ ಲಿಂಫೋಮಾ: ಬಯಾಪ್ಸಿ ವರದಿಗಾಗಿ ಕಾಯುವುದೇಕೆ?

ಉರಿಮೂತ್ರವಾದರೆ ‘ಉಷ್ಣ ಆಗಿದೆ’ ಎಂದು ಎಳನೀರು, ಬಾರ್ಲಿ ನೀರು ಕುಡಿಯುವುದು ನಮ್ಮಲ್ಲಿ ರೂಢಿ. ಎಲೆಕ್ಟ್ರಾನಿಕ್ ಸಿಟಿಯ ಕಾರ್ಖಾನೆಗಳಲ್ಲಿ ಪಾಳಿಯಲ್ಲಿ ದುಡಿಯುವ ಹೆಣ್ಣುಮಕ್ಕಳು ನೀರು ಕಡಿಮೆ ಕುಡಿದು, ಮೂತ್ರ ತಡೆದುಕೊಂಡು ಸೋಂಕು ತಂದುಕೊಳ್ಳುವುದೂ ಉಂಟು. ಆದರೆ ಮೂತ್ರದಲ್ಲಿ ರಕ್ತ ಕಂಡರೆ, ಒಂದೇ ಸಲ ಕಂಡು ನಿಂತಿದ್ದರೂ, ನೋವಿಲ್ಲದಿದ್ದರೂ, ವೈದ್ಯರಿಗೆ ತೋರಿಸಲೇಬೇಕು. ಸೋಂಕಿನ ಮಾತ್ರೆ ಮುಗಿಸಿದ ಮೇಲೂ ತೊಂದರೆ ಮರಳಿದರೆ ಔಷಧಿ ಅಂಗಡಿಯಲ್ಲಿ ಮತ್ತೆ ಅದೇ ಮಾತ್ರೆ ಕೊಳ್ಳಬೇಡಿ. ವೈದ್ಯರನ್ನು ಕಂಡು ಸ್ಕ್ಯಾನಿಂಗ್ ಬಗ್ಗೆ ಕೇಳಿ.

ಮೂತ್ರಕೋಶದ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು ಅದರ ಒಳಪದರದಲ್ಲಿ ಹುಟ್ಟುತ್ತವೆ. ನೂರರಲ್ಲಿ ಒಂದಕ್ಕಿಂತಲೂ ಕಡಿಮೆ ಲಿಂಫೋಮಾ, ಅಂದರೆ ಬಿಳಿ ರಕ್ತಕಣಗಳ ಒಂದು ಬಗೆಯಾದ ಲಿಂಫೋಸೈಟ್‌ಗಳ ಕ್ಯಾನ್ಸರ್. ಸಾಮಾನ್ಯ ಬಗೆಯದು ಗಂಡಸರಲ್ಲಿ, ಬೀಡಿ ಸಿಗರೇಟು ಸೇದುವವರಲ್ಲಿ ಹೆಚ್ಚು. ಲಿಂಫೋಮಾ ಮಧ್ಯವಯಸ್ಸು ದಾಟಿದ ಹೆಂಗಸರಲ್ಲಿ ಹೆಚ್ಚಾಗಿ ಕಂಡುಬಂದಿದೆ. ಲಕ್ಷಣಗಳಿಂದ ಇವೆರಡನ್ನು ಬೇರ್ಪಡಿಸಲಾಗದು. ಸ್ಕ್ಯಾನಿಂಗ್‌ನಲ್ಲೂ ಎರಡೂ ಒಂದೇ ತರಹದ ಗಡ್ಡೆಯಾಗಿ ಕಾಣಬಹುದು.

ಖಚಿತವಾಗಿ ಹೇಳುವುದು ಬಯಾಪ್ಸಿ ಮಾತ್ರ. ಅರಿವಳಿಕೆ ಕೊಟ್ಟು, ಸಿಸ್ಟೋಸ್ಕೋಪ್ ಎಂಬ ತೆಳುವಾದ ದುರ್ಬೀನನ್ನು ಮೂತ್ರದ ದಾರಿಯಿಂದಲೇ ಒಳಗೆ ಬಿಟ್ಟು ಗಡ್ಡೆಯ ತುಣುಕನ್ನು ತೆಗೆಯುತ್ತಾರೆ. ಹೊಟ್ಟೆ ಕೊಯ್ಯುವುದಿಲ್ಲ. ಲಿಂಫೋಮಾದ ಅನುಮಾನ ಬಂದರೆ ಆ ತುಣುಕಿಗೆ ಇಮ್ಯುನೋಹಿಸ್ಟೋಕೆಮಿಸ್ಟ್ರಿ ಎಂಬ ವಿಶೇಷ ಪರೀಕ್ಷೆ ಮಾಡಬೇಕು. ಇದಕ್ಕೆ ಕೆಲವು ದಿನ ಹಿಡಿಯುತ್ತದೆ. ‘ಕ್ಯಾನ್ಸರ್ ಎಂದ ಮೇಲೆ ಇನ್ನೂ ಏಕೆ ಕಾಯಬೇಕು, ಆಪರೇಷನ್ ಮಾಡಿಬಿಡಿ’ ಎಂದು ಬಂಧುಗಳು ಚಡಪಡಿಸುವುದು ಸಹಜ. ಆದರೆ ಆ ವರದಿಯ ಮೇಲೆ ಚಿಕಿತ್ಸೆಯ ದಾರಿಯೇ ಬದಲಾಗುತ್ತದೆ. ಸ್ನಾಯುವಿನೊಳಗೆ ಇಳಿದ ಸಾಮಾನ್ಯ ಕ್ಯಾನ್ಸರ್‌ಗೆ ಮೂತ್ರಕೋಶವನ್ನೇ ತೆಗೆದು, ಹೊಟ್ಟೆಯ ಮೇಲೆ ಚೀಲ ಅಂಟಿಸಬೇಕಾಗಬಹುದು. ಲಿಂಫೋಮಾಗೆ ಸಾಮಾನ್ಯವಾಗಿ ಇದರ ಅಗತ್ಯವಿಲ್ಲ, ಮೂತ್ರಕೋಶ ಉಳಿಯುತ್ತದೆ.

ಮುಂದೆ ಪೆಟ್ ಸ್ಕ್ಯಾನಿಂಗ್, ಬೇಕಾದರೆ ಮೂಳೆಮಜ್ಜೆಯ ಪರೀಕ್ಷೆ ಮಾಡಿ, ರೋಗ ಮೂತ್ರಕೋಶದಲ್ಲಷ್ಟೇ ಇದೆಯೇ ಎಂದು ನೋಡುತ್ತಾರೆ. ನಿಧಾನವಾಗಿ ಬೆಳೆಯುವ ‘ಮಾಲ್ಟ್’ ಬಗೆ ಒಂದೇ ಕಡೆ ಇದ್ದರೆ ಕಡಿಮೆ ಪ್ರಮಾಣದ ವಿಕಿರಣ ಚಿಕಿತ್ಸೆಯಿಂದಲೇ ಹಲವರಲ್ಲಿ ಹತೋಟಿಗೆ ಬರುತ್ತದೆ. ವೇಗವಾಗಿ ಬೆಳೆಯುವ ಬಗೆಗೆ ಸಾಮಾನ್ಯವಾಗಿ 21 ದಿನಕ್ಕೊಮ್ಮೆ, 6 ಸಲದವರೆಗೆ ‘ಆರ್-ಚಾಪ್’ ಕೀಮೋಥೆರಪಿ ಕೊಡುತ್ತಾರೆ. ಇದರಲ್ಲಿನ ರಿಟುಕ್ಸಿಮ್ಯಾಬ್ ಮೊದಲು ತೀರಾ ದುಬಾರಿಯಾಗಿತ್ತು. 2007ರಲ್ಲಿ ಹೈದರಾಬಾದಿನ ಡಾ. ರೆಡ್ಡೀಸ್ ಕಂಪನಿ ಇದೇ ಬಗೆಯ ಔಷಧಿಯನ್ನು ಹೊರತಂದ ಮೇಲೆ ಬೆಲೆ ಇಳಿಯಿತು. ಹಿಂದೆ ಕಾಮಾಲೆ ಆಗಿದ್ದರೆ ಮುಚ್ಚಿಡಬೇಡಿ. ಹೆಪಟೈಟಿಸ್-ಬಿ ಒಳಗೇ ಉಳಿದಿದ್ದರೆ ಈ ಔಷಧಿಯಿಂದ ಅದು ಮತ್ತೆ ಕೆರಳಬಹುದು.

ಇನ್ನೊಂದು ಮಾತು. ಆರ್-ಚಾಪ್‌ನಲ್ಲಿರುವ ಕೆಂಪು ಔಷಧಿಯಿಂದ ಒಂದೆರಡು ದಿನ ಮೂತ್ರ ಕೆಂಪಗೆ ಬರುತ್ತದೆ. ಮೊದಲೇ ರಕ್ತ ಕಂಡು ಹೆದರಿದವರಿಗೆ ಇದನ್ನು ಯಾರೂ ಮುಂಚೆ ಹೇಳದಿದ್ದರೆ ಜೀವವೇ ಹೋದಂತಾಗುತ್ತದೆ! ಅದು ಔಷಧಿಯ ಬಣ್ಣ. ವೈದ್ಯರು ಬೇಡವೆನ್ನದಿದ್ದರೆ ಚೆನ್ನಾಗಿ ನೀರು ಕುಡಿಯಿರಿ. ಎರಡು ದಿನದ ನಂತರವೂ ಕೆಂಪಗಿದ್ದರೆ, ಗರಣೆ ಬಂದರೆ, ಅಥವಾ ಯಾವಾಗಲೇ ಆಗಲಿ ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗುವವರೆಗೂ ಕಾಯದೆ ಆಸ್ಪತ್ರೆಗೆ ಬನ್ನಿ.

ಬಿ.ಪಿ.ಎಲ್. ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಹೊಸೂರು ರಸ್ತೆಯಲ್ಲೇ 1973ರಿಂದ ಸರ್ಕಾರಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ. ಅಲ್ಲಿಗಾಗಲಿ ಬೇರೆಲ್ಲಿಗಾಗಲಿ ಹೋಗುವಾಗ ವರದಿಯ ಕಾಗದವೊಂದೇ ಸಾಲದು. ಬಯಾಪ್ಸಿಯ ಗಾಜಿನ ಸ್ಲೈಡುಗಳನ್ನೂ ಮೇಣದ ಬ್ಲಾಕನ್ನೂ ಪ್ರಯೋಗಾಲಯದಲ್ಲಿ ಕೇಳಿ ಪಡೆದುಕೊಂಡು ಹೋಗಿ.