ಮಾತ್ರೆ ಬದಲಾಗುವ ವಾರಗಳು

ಪ್ಯಾರಾಕ್ಸೆಟಿನ್ ನನ್ನ ಖಿನ್ನತೆಯನ್ನು ಹತೋಟಿಗೆ ತಂದಿತ್ತು. ಜೊತೆಗೆ ಮೈತೂಕ ಏರಿತು, ಹಗಲೆಲ್ಲ ತೂಕಡಿಕೆ. ಸರ್ಟ್ರಾಲಿನ್‌ಗೆ ಬದಲಿಸೋಣ ಎಂದ ಡಾಕ್ಟರು, ಇಂದು ಅದನ್ನು ಬಿಟ್ಟು ನಾಳೆ ಇದನ್ನು ನುಂಗುವ ಹಾಗಿಲ್ಲ ಎಂದು ಮೊದಲೇ ಎಚ್ಚರಿಸಿದರು. ಯಾವ ವಾರ ಹಳೆಯದು ಎಷ್ಟು, ಹೊಸದು ಎಷ್ಟು ಎಂದು ಚೀಟಿಯಲ್ಲೇ ಬರೆದುಕೊಟ್ಟರು. ಆ ಚೀಟಿಯನ್ನು ಫ್ರಿಜ್ ಬಾಗಿಲಿಗೆ ಅಂಟಿಸಿದೆ.

ಪ್ಯಾರಾಕ್ಸೆಟಿನ್ ರಕ್ತದಲ್ಲಿ ಸುಮಾರು ಒಂದು ದಿನಕ್ಕೇ ಅರ್ಧಕ್ಕಿಳಿಯುತ್ತದೆ. ದಿನ ಬಿಟ್ಟು ದಿನ ತಿಂದರೂ ಮೈಗೆ ಏರಿಳಿತದ ಪೆಟ್ಟು ತಪ್ಪದು. ಇದೇ ಗುಂಪಿನ ಫ್ಲುಆಕ್ಸೆಟಿನ್ ಹಾಗಲ್ಲ, ನಿಲ್ಲಿಸಿದ ಮೇಲೂ ವಾರಗಟ್ಟಲೆ ಉಳಿದಿರುತ್ತದೆ. ಅದನ್ನು ಬಿಟ್ಟು ಎಂಎಒಐ ಎಂಬ ಬೇರೆ ಗುಂಪಿನ ಖಿನ್ನತೆಯ ಔಷಧಿ ಹಿಡಿಯಲು ಕನಿಷ್ಠ 5 ವಾರ ಕಾಯಬೇಕು. ಹಾಗಾಗಿ ಒಬ್ಬರ ಚೀಟಿ ಇನ್ನೊಬ್ಬರಿಗೆ ಖಂಡಿತ ಆಗದು.

ನಿಧಾನವಾಗಿ ಇಳಿಸಿದರೂ ತಲೆಸುತ್ತು ಬಂತು. ಕಣ್ಣು ಹೊರಳಿಸಿದರೆ ತಲೆಯೊಳಗೆ ಕರೆಂಟ್ ಹೊಡೆದಂತಾಗುತ್ತಿತ್ತು. ಕಾರಣವಿಲ್ಲದೆ ಅಳು. "ಮತ್ತೆ ಶುರುವಾಯ್ತೇನೇ?" ಎಂದು ಅಕ್ಕ ಗಾಬರಿಯಾದಳು. ಡಾಕ್ಟರಿಗೆ ಫೋನ್ ಮಾಡಿದೆವು. ಡೋಸ್ ಇಳಿಸಿದ ಕೆಲವೇ ದಿನಗಳಲ್ಲಿ, ಇಂಥ ಮೈಯ ಲಕ್ಷಣಗಳೊಂದಿಗೆ ಬಂದದ್ದು ಹೆಚ್ಚಾಗಿ ಔಷಧಿ ಇಳಿದದ್ದರ ಪರಿಣಾಮ, ಕಾಯಿಲೆ ಮರಳುವುದಾದರೆ ಸಾಮಾನ್ಯವಾಗಿ ಮೆಲ್ಲಗೆ, ವಾರಗಳ ಮೇಲೆ ಕವಿಯುತ್ತದೆ ಎಂದರು. ಮುಂದಿನ ಇಳಿಕೆಯನ್ನು ತಡೆದು, ಅದೇ ಡೋಸಿನಲ್ಲಿ ಇನ್ನಷ್ಟು ದಿನ ಉಳಿಸಿದರು. ಪ್ರತಿ ರಾತ್ರಿ ನಿದ್ದೆ, ಡೋಸ್, ಲಕ್ಷಣ ಬರೆದಿಟ್ಟ ನೋಟ್‌ಬುಕ್ ಇಲ್ಲದಿದ್ದರೆ ಅವರಿಗೆ ಏನನ್ನು ಸರಿಯಾಗಿ ಹೇಳುತ್ತಿದ್ದೆನೋ! ಆ ಮಂಕಿನಲ್ಲಿ ನೆನಪನ್ನು ನಂಬುವಂತಿರಲಿಲ್ಲ.

ಎರಡೂ ಮಾತ್ರೆ ಮೈಯಲ್ಲಿರುವಾಗ, ಅವು ಹೆಚ್ಚಿಸುವ ಸಿರೊಟೋನಿನ್ ಎಂಬ ರಾಸಾಯನಿಕ ಅತಿಯಾಗುವ ಭಯವೂ ಇದೆ. ವಿಪರೀತ ಬೆವರು, ನಡುಕ, ಭೇದಿ, ಚಡಪಡಿಕೆ ಕಂಡರೆ ತಡಮಾಡದೆ ಡಾಕ್ಟರಿಗೆ ತಿಳಿಸಬೇಕು. ಜ್ವರ ಏರಿದರೆ, ಸ್ನಾಯು ಬಿಗಿದರೆ, ಮಾತು ತಡವರಿಸಿದರೆ ಆ ಕ್ಷಣವೇ ಆಸ್ಪತ್ರೆ. ಕೆಮ್ಮಿನ ಸಿರಪ್‌ಗಳಲ್ಲಿರುವ ಡೆಕ್ಸ್‌ಟ್ರೊಮೆಥಾರ್ಫನ್, ನೋವಿನ ಟ್ರಮಡಾಲ್ ಈ ಅಪಾಯವನ್ನು ಹೆಚ್ಚಿಸುತ್ತವೆ. ಕೆಮ್ಮಾದಾಗ ಮೆಡಿಕಲ್ ಶಾಪಿನವರಿಗೆ ಎರಡೂ ಮಾತ್ರೆಗಳ ಹೆಸರು ಹೇಳಿದೆ, ಅವರು ಸಿರಪ್ಪನ್ನೇ ಬದಲಿಸಿದರು. ಸಂಕೋಚಪಟ್ಟು ಇಂಥ ಮಾತ್ರೆಗಳ ವಿಷಯ ಮುಚ್ಚಿಡುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಹೊಸ ಔಷಧಿ ಪೂರ್ತಿ ಹಿಡಿಯಲು ಕೆಲವು ವಾರ ಬೇಕು. ಶುರುವಿನಲ್ಲಿ ಕೆಲವರಿಗೆ, ಅದರಲ್ಲೂ ಹರೆಯದವರಿಗೆ, ಚಡಪಡಿಕೆಯೂ ಸಾಯುವ ಯೋಚನೆಯೂ ಹೆಚ್ಚಬಹುದು. ಅದಕ್ಕೇ ಅಕ್ಕನಿಗೆ ಎಲ್ಲ ತಿಳಿಸಿದ್ದೆ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಹಗಲುರಾತ್ರಿ ಸಿಗುತ್ತದೆ, ಆ ನಂಬರನ್ನು ಅವಳ ಫೋನಿನಲ್ಲೂ ಹಾಕಿಸಿದ್ದೆ.