ಉದ್ಭವಿಸುವುದಿಲ್ಲ ಅಂದರೆ ಮತ್ತೆ ಕೇಳಿ

ಸವದತ್ತಿಯ ಹುಡುಗ ಹುಡುಗಿಯರೇ, ನಿಮ್ಮಲ್ಲಿ ಹಾಡುವವರಿದ್ದೀರಿ, ರೀಲ್ಸ್ ಮಾಡುವವರಿದ್ದೀರಿ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡದ ಜಾತ್ರೆಯನ್ನು ಚಿತ್ರೀಕರಿಸಿ ಯೂಟ್ಯೂಬಿಗೆ ಹಾಕುವವರಿದ್ದೀರಿ. ಅದೆಲ್ಲ ಬಿಟ್ಟು ಪುಸ್ತಕ ಹಿಡಿಯಿರಿ ಎನ್ನಲು ನಾನು ಕೂತಿಲ್ಲ. ನಮ್ಮ ತಾಲ್ಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿದ ಬಾಳಪ್ಪನವರು ನಾಟಕಕ್ಕೆಂದು ಮುಖಕ್ಕೆ ಬಣ್ಣ ಹಚ್ಚಿದಾಗಲೂ ಊರಲ್ಲಿ ಮೂಗು ಮುರಿದವರು ಇದ್ದೇ ಇದ್ದಿರಬೇಕು. ಅವರು 2017ರಲ್ಲಿ, ನೂರು ದಾಟಿದ ಮೇಲೆ ತೀರಿಕೊಂಡಾಗ ಏಣಗಿ ಎಂಬ ಹಳ್ಳಿಯನ್ನು ನಾಡೆಲ್ಲ ಅವರ ಹೆಸರಿನಿಂದಲೇ ಗುರುತಿಸುತ್ತಿತ್ತು. ಈಗ ರಾಯಬಾಗ ತಾಲ್ಲೂಕಿನ ನಿಪನಾಳಕ್ಕೆ ಮಾಳು ಎಂಬ ಹಾಡುಗಾರನಿಂದ ಅಂಥದೇ ಹೆಸರು ಬಂದಿದೆ, ಅದೂ ಯೂಟ್ಯೂಬಿನಿಂದ. ಕಲೆಯಿಂದ ಹೊಟ್ಟೆ ಹೊರೆಯುವ ದಾರಿ ಹಳೆಯದೇ, ದಾರಿಯಲ್ಲಿ ಸುಂಕ ವಸೂಲಿಗೆ ಕೂತವರು ಮಾತ್ರ ಹೊಸಬರು.

ನನ್ನದು ಒಂದೇ ಮಾತು: ಪ್ರಶ್ನೆ ಕೇಳುವುದನ್ನು ಕಲಿಯಿರಿ. ಕಮೆಂಟಿನಲ್ಲಿ ಕೂಗಾಡುವುದನ್ನು ನಾನು ಪ್ರಶ್ನೆ ಎನ್ನುವುದಿಲ್ಲ. ಶಾಸನಸಭೆಯಲ್ಲಿ ಕೇಳುವ ಹಾಗೆ, ಉತ್ತರ ಕೊಡದೆ ಬೇರೆ ದಾರಿಯೇ ಇಲ್ಲದ ಹಾಗೆ ಕೇಳಬೇಕು.

ನಾನು ಬಹಳ ವರ್ಷ ಶಾಸಕರೊಬ್ಬರಿಗೆ ಪ್ರಶ್ನೆ ಬರೆದುಕೊಟ್ಟವನು. ವಿಧಾನಸಭೆಯ ಚುಕ್ಕೆ ಗುರುತಿನ ಪ್ರಶ್ನೆಯ ಹಾಳೆಯನ್ನು ನೀವು ನೋಡಿರಲಿಕ್ಕಿಲ್ಲ. ಹಾಳೆಯ ನಡುವೆ ಒಂದು ಗೆರೆ, ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ. (ಅ) ಇಂಥದು ಸರ್ಕಾರದ ಗಮನಕ್ಕೆ ಬಂದಿದೆಯೇ? (ಆ) ಬಂದಿದ್ದಲ್ಲಿ ಕೈಗೊಂಡ ಕ್ರಮಗಳೇನು? (ಇ) ಯಾವ ಕಾಲಮಿತಿಯಲ್ಲಿ? ಇಲ್ಲೊಂದು ಪೇಚಿದೆ. (ಅ) ಸಡಿಲವಾಗಿದ್ದರೆ ಇಲಾಖೆ ಬಲಗಡೆ ‘ಬಂದಿರುವುದಿಲ್ಲ’ ಎಂದು ಬರೆಯುತ್ತದೆ. ಕೆಳಗಿನ ಎರಡಕ್ಕೂ ಸೇರಿಸಿ ಒಂದು ಆವರಣ ಎಳೆದು ‘ಉದ್ಭವಿಸುವುದಿಲ್ಲ’ ಎಂದು ಮುಗಿಸಿಬಿಡುತ್ತದೆ. ಹದಿನೈದು ದಿನ ಕಾದು ಪಡೆದ ಉತ್ತರ ಅಷ್ಟೇ! ಹಾಗಾಗಿ ಅನುಭವಸ್ಥರು ‘ಗಮನಕ್ಕೆ ಬಂದಿದೆಯೇ’ ಎಂದು ಶುರು ಮಾಡುವುದೇ ಇಲ್ಲ. ‘ದಾಖಲಾದ ಪ್ರಕರಣಗಳೆಷ್ಟು’ ಎನ್ನುತ್ತಾರೆ. ಸಂಖ್ಯೆ ಕೇಳಿದವನಿಗೆ ಸೊನ್ನೆಯನ್ನಾದರೂ ಬರೆದುಕೊಡಲೇಬೇಕು, ಆ ಸೊನ್ನೆಗೆ ಸಚಿವರು ಸಹಿ ಹಾಕಿರುತ್ತಾರೆ. ಪ್ರಶ್ನೆಯಲ್ಲಿ ವಾದ ಇರಬಾರದು, ವ್ಯಂಗ್ಯ ಇರಬಾರದು, ಆರೋಪ ಇರಬಾರದು ಎಂಬ ನಿಯಮವೂ ಇದೆ. ಸಿಟ್ಟಿನಲ್ಲಿ ಬರೆದದ್ದನ್ನು ಹರಿದು ಮತ್ತೆ ಬರೆಯುವಷ್ಟರಲ್ಲಿ ನಮಗೆ ನಿಜಕ್ಕೂ ಏನು ಬೇಕು ಅನ್ನುವುದು ತಿಳಿಯಾಗುತ್ತಿತ್ತು.

ದಿಲ್ಲಿಯಲ್ಲೂ ಇದೇ ಆಟ. 2021ರ ಜನವರಿಯಲ್ಲಿ ಶಶಿ ತರೂರ್ ಅಧ್ಯಕ್ಷರಾಗಿದ್ದ ಸಂಸದೀಯ ಸ್ಥಾಯಿ ಸಮಿತಿ ಫೇಸ್‌ಬುಕ್ ಮತ್ತು ಟ್ವಿಟರ್ ಅಧಿಕಾರಿಗಳನ್ನು ಕರೆಸಿತು. ವಿಷಯ: ಸಾಮಾಜಿಕ ಮಾಧ್ಯಮದ ದುರ್ಬಳಕೆ, ಅದರಲ್ಲೂ ಡಿಜಿಟಲ್ ಲೋಕದಲ್ಲಿ ಹೆಣ್ಣುಮಕ್ಕಳ ಸುರಕ್ಷತೆ. ಅದೇ ವರ್ಷದ ಜೂನ್‌ನಲ್ಲಿ ಟ್ವಿಟರ್‌ನವರು ಮತ್ತೆ ಬಂದಾಗ ‘ನಾವು ನಮ್ಮ ನೀತಿಯಂತೆ ನಡೆಯುತ್ತೇವೆ’ ಎಂಬರ್ಥದ ಉತ್ತರ ಕೊಟ್ಟರು. ದೇಶದ ಕಾನೂನು ದೊಡ್ಡದೋ ನಿಮ್ಮ ನೀತಿ ದೊಡ್ಡದೋ ಎಂದು ಸದಸ್ಯರು ತಿರುಗಿಬಿದ್ದರು. ಅಮೆರಿಕದ ಸೆನೆಟ್ ಸಮಿತಿಯಲ್ಲಿ 2024ರ ಜನವರಿ 31ರಂದು ಫೇಸ್‌ಬುಕ್‌ನ ಮಾರ್ಕ್ ಝುಕರ್‌ಬರ್ಗ್ ಕುರ್ಚಿಯಿಂದ ಎದ್ದು, ಹಿಂದೆ ತಿರುಗಿ, ಸಾಮಾಜಿಕ ಮಾಧ್ಯಮದಿಂದ ನೊಂದ ಮಕ್ಕಳ ಫೋಟೊ ಹಿಡಿದು ಕೂತಿದ್ದ ತಂದೆ ತಾಯಿಯರ ಕ್ಷಮೆ ಕೇಳಬೇಕಾಯಿತು. ಅಲ್ಲಿಗೆ ತಂದು ನಿಲ್ಲಿಸಿದ್ದು ಸೆನೆಟರ್ ಒಬ್ಬರ ನೇರ ಪ್ರಶ್ನೆ. ಕ್ಷಮೆಯಿಂದ ಏನಾಯಿತು ಎಂದು ಕೇಳುತ್ತೀರಾ? ಸರಿಯಾಗೇ ಕೇಳಿದಿರಿ. ಅದು ಉಪಪ್ರಶ್ನೆ, ಅದನ್ನು ಯಾವತ್ತೂ ಬಿಡಬಾರದು.

ಇನ್ನು ನಿಮ್ಮ ಹಾಡಿನ ವಿಚಾರ. ಬೈಲಹೊಂಗಲ ಕಡೆಯ ಹುಡುಗನೊಬ್ಬ, ಚಲೋ ಕಂಠದವನು, ಒಂದು ಕರಾರುಪತ್ರ ತಂದು ತೋರಿಸಿದ. ಎರಡು ಪುಟ, ಎಲ್ಲ ಇಂಗ್ಲಿಷಿನಲ್ಲಿ. ಅವನ ಹಾಡು ‘ಶಾಶ್ವತವಾಗಿ, ಜಗತ್ತಿನಾದ್ಯಂತ, ಈಗಿರುವ ಹಾಗೂ ಮುಂದೆ ಬರಲಿರುವ ಎಲ್ಲ ಮಾಧ್ಯಮಗಳಲ್ಲಿ’ ಸ್ಟುಡಿಯೊದವರದು. ಕೈಗೆ ಬರುವ ಹಣದ ಜಾಗ ಖಾಲಿ, ಅದನ್ನು ಪೆನ್ನಿನಲ್ಲಿ ತುಂಬಬೇಕಿತ್ತು. “ಸಹಿ ಮಾಡಿದ್ರ ನಾಳೆನ ಶೂಟಿಂಗ್ ಅಂದಾರ್ರಿ” ಅಂದ. ನಾಳೆ ಎಂದವರ ಹತ್ತಿರ ಎಂಟು ದಿನ ಕೇಳು ಎಂದೆ. ಎಂಟು ದಿನ ಕೊಡಲಾರದವರು ನಿನ್ನ ಹಾಡನ್ನು ಎಂಬತ್ತು ವರ್ಷ ಹೇಗೆ ಜೋಪಾನ ಮಾಡುತ್ತಾರೆ?

ಕಾನೂನು ನೀವು ಅಂದುಕೊಂಡಷ್ಟು ಕುರುಡಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಪ್ರದರ್ಶಕ ಎಂದರೆ ಯಾರು ಎಂದು ಪಟ್ಟಿ ಮಾಡಿದ್ದಾರೆ: ನಟ, ಗಾಯಕ, ವಾದ್ಯಗಾರ, ನರ್ತಕ, ದೊಂಬರಾಟದವನು, ಕೊನೆಗೆ ಹಾವಾಡಿಗ ಕೂಡ. ಹಾವಾಡಿಗನಿಗೆ ಹಕ್ಕು ಇದ್ದ ಮೇಲೆ ಚೌಡಿಕೆ ಬಗಲಲ್ಲಿ ಸಿಕ್ಕಿಸಿಕೊಂಡು ಗುಡ್ಡದ ಮೆಟ್ಟಿಲ ಮೇಲೆ ಹಾಡುವ ಜೋಗತಿಗೆ ಇಲ್ಲದೆ ಹೋದೀತೆ? ಆ ಹಕ್ಕು ಐವತ್ತು ವರ್ಷ ಬಾಳುತ್ತದೆ. ಎಲ್ಲಮ್ಮನ ಹಳೆಯ ಪದ ಯಾರಪ್ಪನ ಸೊತ್ತೂ ಅಲ್ಲ, ನಿಜ. ಆದರೆ ಅದನ್ನು ಹಾಡಿದ ಆ ದನಿ, ಆ ಹೊತ್ತಿನ ಆ ಹಾಡುಗಾರಿಕೆ ಅವಳದು. ಅವಳನ್ನು ಕೇಳದೆ ಧ್ವನಿಮುದ್ರಣ ಮಾಡಿ ಮಾರುವಂತಿಲ್ಲ. ಹಕ್ಕು ಬಿಟ್ಟುಕೊಡುವುದಾದರೆ ಬರವಣಿಗೆಯಲ್ಲಿ, ಸಹಿ ಹಾಕಿಯೇ ಬಿಟ್ಟುಕೊಡಬೇಕು. ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ ಐದು ವರ್ಷ ಎಂದೇ ಲೆಕ್ಕ. ಎಲ್ಲೆಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ಆ ಕರಾರಿನಲ್ಲಿ ‘ಶಾಶ್ವತ’, ‘ಜಗತ್ತು’ ಎಂಬ ಎರಡು ಮಾತು ಯಾಕೆ ಬಂದು ಕೂತಿದ್ದವು ಎಂದು ಈಗ ತಿಳಿಯಿತೇ?

ಆದ್ದರಿಂದ ಸಹಿಗೆ ಮುಂಚೆ ಕೇಳಿ. ಎಷ್ಟು ವರ್ಷ? ಚಾನೆಲ್ಲಿನ ಪಾಸ್‌ವರ್ಡ್ ಯಾರ ಕೈಯಲ್ಲಿ? ಅದೇ ಹಾಡನ್ನು ನಾನು ನನ್ನ ಚಾನೆಲ್ಲಿಗೆ ಹಾಕಿದರೆ ನನ್ನ ಮೇಲೇ ಕಾಪಿರೈಟ್ ಕ್ಲೇಮ್ ಬರುತ್ತದೆಯೇ? ನನ್ನ ದನಿಯನ್ನು ಯಂತ್ರಕ್ಕೆ ಕಲಿಸಿ ನಾನು ಹಾಡದ ಹಾಡನ್ನು ನನ್ನಿಂದ ಹಾಡಿಸುತ್ತೀರಾ? ಈ ಕೊನೆಯದನ್ನು ಕೇಳಿದರೆ ನಗುತ್ತಾರೆ, ನಗಲಿ. ಕೊಡಗಿನ ಹುಡುಗಿ, ನಟಿ ರಶ್ಮಿಕಾ ಮಂದಣ್ಣನ ಮುಖವನ್ನು ಇನ್ನೊಬ್ಬಳ ಮೈಗೆ ಅಂಟಿಸಿದ ವಿಡಿಯೊ 2023ರ ನವೆಂಬರ್‌ನಲ್ಲಿ ದೇಶವೆಲ್ಲ ಓಡಾಡಿದ್ದು ನಿಮಗೆ ನೆನಪಿರಬೇಕು. ಆಕೆಯ ಬೆನ್ನಿಗೆ ಚಿತ್ರರಂಗವೇ ನಿಂತಿತು. ನಿಮ್ಮ ಓಣಿಯ ಹುಡುಗಿಯ ಬೆನ್ನಿಗೆ ಯಾರು?

ಹೀಗಾದರೆ ಏನು ಮಾಡಬೇಕು ಅನ್ನುವುದನ್ನು ಕೇಳಿಟ್ಟುಕೊಳ್ಳಿ. ಮೊದಲು ಅಳಿಸಬೇಡಿ. ಲಿಂಕು, ತಾರೀಖು, ವೇಳೆ ಕಾಣುವಂತೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. 2021ರ ಐಟಿ ನಿಯಮಗಳಂತೆ ಪ್ರತಿ ಸಾಮಾಜಿಕ ಮಾಧ್ಯಮ ಕಂಪನಿಗೂ ದೂರು ಅಧಿಕಾರಿ ಇರಲೇಬೇಕು. ಬೆತ್ತಲೆ ಚಿತ್ರ ಅಥವಾ ಮುಖ ತಿರುಚಿದ ಚಿತ್ರ ಎಂದು ಸಂತ್ರಸ್ತೆ ದೂರಿದರೆ 24 ಗಂಟೆಯೊಳಗೆ ತೆಗೆಯಬೇಕು ಎಂದು ಅವು ಹೇಳಿದವು, ಅದಕ್ಕಿಂತ ಹೆಚ್ಚು ಕಾಯುವ ದರ್ದು ನಿಮಗಿಲ್ಲ. ಅವರು ಕೈಚೆಲ್ಲಿದರೆ 30 ದಿನದೊಳಗೆ ಮೇಲ್ಮನವಿ ಸಮಿತಿಗೆ ಹೋಗಬಹುದು, 2023ರಿಂದ ಅಂಥ ಸಮಿತಿಗಳಿವೆ. ಪೊಲೀಸ್ ದೂರಿಗೆ ಸೈಬರ್ ಅಪರಾಧ ನೋಡಿಕೊಳ್ಳುವ ಸಿಇಎನ್ ಠಾಣೆಯುಂಟು. ಸೈಬರ್ ಅಪರಾಧದ ರಾಷ್ಟ್ರೀಯ ಪೋರ್ಟಲ್‌ನಲ್ಲಿ ಹೆಣ್ಣುಮಕ್ಕಳು ಮತ್ತು ಮಕ್ಕಳ ವಿಷಯದ ದೂರನ್ನು ಹೆಸರು ಹೇಳದೆಯೂ ಕೊಡಬಹುದು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಇಷ್ಟೆಲ್ಲ ಇದ್ದೂ ಹುಡುಗಿಯರು ಮನೆಯಲ್ಲಿ ಬಾಯಿ ಬಿಡುವುದಿಲ್ಲ, ಯಾಕೆಂದರೆ ಮನೆಯವರು ಮೊದಲು ಕಸಿದುಕೊಳ್ಳುವುದು ಅವಳ ಫೋನನ್ನೇ. ಅಪ್ಪಂದಿರೂ ಇದನ್ನು ಓದುತ್ತಿದ್ದರೆ, ನಿಮಗೇ ಹೇಳಿದ್ದು.

ಈಗ ಕ್ಯಾಮೆರಾ ಹಿಡಿದವರ ಕಡೆ ತಿರುಗುತ್ತೇನೆ. ಗುಡ್ಡದಲ್ಲಿ ಎಣ್ಣೆಹೊಂಡದ ದಡದಲ್ಲಿ ನಿಂತು ನೋಡಿ. ಒದ್ದೆ ಸೀರೆಯಲ್ಲಿ ಮೇಲೆ ಬರುವ ಅಜ್ಜಿ, ಅವಳ ಹಿಂದೆ ಸೊಸೆ, ಹಣೆ ತುಂಬ ಭಂಡಾರ. ಆ ಕಡೆ ಮೆಟ್ಟಿಲ ಮೇಲೆ ಮೂರು ನಾಲ್ಕು ಫೋನುಗಳು ಎತ್ತಿ ನಿಂತಿರುತ್ತವೆ. ‘ಭಕ್ತಿ ತೋರಿಸ್ತೀವ್ರಿ’ ಅನ್ನುತ್ತಾರೆ. ಭಕ್ತಿ ತೋರಿಸಲು ಗೋಪುರವಿದೆ, ಉಧೋ ಉಧೋ ಎಂಬ ದನಿಯಿದೆ, ಅಷ್ಟು ಸಾಲದೇ? ಒಪ್ಪಿಗೆಯಿಲ್ಲದೆ ಹೆಂಗಸರ ಖಾಸಗಿ ಅಂಗ ಚಿತ್ರೀಕರಿಸಿದರೆ ಐಟಿ ಕಾಯ್ದೆಯ 66ಇ ಕಲಮಿನಡಿ ಮೂರು ವರ್ಷದವರೆಗೆ ಜೈಲು, ಅಥವಾ ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಜೋಗಪ್ಪಂದಿರನ್ನು ನಗೆಗೆ ಗುರಿಮಾಡುವ ರೀಲ್ಸ್‌ಗಳೂ ಇವೆ. ಅದೇ ಪರಂಪರೆಯ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಲೈಕಿನ ಲೆಕ್ಕದಲ್ಲಿ ಅದು ನಿಮಗೆ ಎಷ್ಟಾಗುತ್ತದೋ ನನಗೆ ತಿಳಿಯದು.

ಬೈಲಹೊಂಗಲದಲ್ಲಿ ನಡೆದದ್ದೆಂದು ಜನ ಹೇಳುವ ಸಂಗ್ಯಾ ಬಾಳ್ಯಾ ಸಣ್ಣಾಟವನ್ನು ನಿಮ್ಮ ಅಜ್ಜಂದಿರು ಬೆಳಗಿನತನಕ ಕೂತು ನೋಡಿದವರು. ನನಗೂ ಅದು ಪ್ರಾಣ. ಈರಣ್ಣನ ಹೆಂಡತಿ ಗಂಗಿ, ಅವಳಿಗೆ ಮನಸೋತ ಸಂಗ್ಯಾ, ಗೆಳೆಯನನ್ನೇ ಹಿಡಿದುಕೊಟ್ಟ ಬಾಳ್ಯಾ. ಆದರೆ ಆಟ ಮುಗಿದು ಮನೆಗೆ ಹೋಗುವಾಗ ಪ್ರತಿ ಸಲ ನನ್ನನ್ನು ಕಾಡುವುದು ಒಂದೇ: ಅದು ನಿಜವಾಗಿ ಒಂದು ಮನೆಯ ಕಥೆಯಾಗಿದ್ದರೆ, ‘ನಿನ್ನ ಹೆಸರು ಹಾಕಲೇನವ್ವಾ’ ಎಂದು ಆ ಹೆಣ್ಣುಮಗಳನ್ನು ಯಾರು ಕೇಳಿದರು? ಆಟವಾದರೂ ಚಕ್ಕಡಿಯ ಮೇಲೆ ಊರಿಂದೂರಿಗೆ ನಿಧಾನವಾಗಿ ಸಾಗುತ್ತಿತ್ತು. ನೀವು ರಾಮದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಗಂಡ ಹೆಂಡತಿಯ ಜಗಳ ಚಿತ್ರೀಕರಿಸಿ ಹಾಕಿದರೆ ನಿಮ್ಮ ಊಟ ಮುಗಿಯುವುದರೊಳಗೆ ಅದು ದುಬೈಯಲ್ಲಿರುವ ಅವಳ ಅಣ್ಣನ ಕೈಯಲ್ಲಿರುತ್ತದೆ. ಅಪ್‌ಲೋಡ್ ಒತ್ತುವ ಮುಂಚೆ ಚಿತ್ರದಲ್ಲಿರುವವರನ್ನು ಒಂದು ಮಾತು ಕೇಳಿ. ಬೇಡ ಅಂದರೆ ಬೇಡ, ಅಲ್ಲಿಗೆ ಮುಗಿಯಿತು, ಉಪಪ್ರಶ್ನೆಯಿಲ್ಲ.

ಇಷ್ಟು ನಿಮ್ಮ ಮಟ್ಟಿಗೆ ಆಯಿತು. ಉಳಿದದ್ದು ಸರ್ಕಾರವನ್ನು ಕೇಳಬೇಕಾದದ್ದು. 2024ರಲ್ಲಿ ನಮ್ಮ ವಿಧಾನಮಂಡಲ ಸಿನಿ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿಗೆಂದು ವಿಧೇಯಕ ಒಪ್ಪಿತು. ಸಿನಿಮಾ ಟಿಕೆಟ್ಟು, ಒಟಿಟಿ ಚಂದಾದ ಮೇಲೆ ಶೇ 1ರಿಂದ 2ರವರೆಗೆ ಸೆಸ್, ಆ ಹಣ ಕಲಾವಿದರ ನಿಧಿಗೆ. ನೀವು ಮೊಬೈಲಿನಲ್ಲಿ ನೋಡುವ ಸಿನಿಮಾದಿಂದಲೂ ಆ ನಿಧಿಗೆ ದುಡ್ಡು ಸೇರಬೇಕು. ಹಾಗಾದರೆ ಅದರಲ್ಲಿ ಚೌಡಿಕೆಯವರ ಪಾಲೆಷ್ಟು?

ನಮ್ಮ ಊರಿಗೆ ಸಭೆಯ ಬಾಗಿಲು ಅಪರಿಚಿತವೇನಲ್ಲ. ಇಲ್ಲಿಂದ ಗೆದ್ದ ಆನಂದ ಮಾಮನಿ 2020ರಿಂದ ತಾವು ತೀರಿಕೊಳ್ಳುವವರೆಗೆ ಉಪಸಭಾಧ್ಯಕ್ಷರಾಗಿದ್ದರು. 2012ರಲ್ಲಿ ಸುವರ್ಣ ವಿಧಾನಸೌಧ ಆದಮೇಲೆ ಚಳಿಗಾಲದ ಅಧಿವೇಶನ ಬೆಳಗಾವಿಗೇ ಬರುತ್ತದೆ, ಬೆಂಗಳೂರಿಗೆ ಹೋಗುವ ಬಸ್‌ಚಾರ್ಜೂ ಉಳಿಯಿತು. ಹೊರಗಿನ ಟೆಂಟಿನಲ್ಲಿ ಕೂತು ಘೋಷಣೆ ಕೂಗುವುದು ನಿಮ್ಮ ಹಕ್ಕು, ಕೂಗಿ. ಜೊತೆಗೆ ಒಂದು ಹಾಳೆಯನ್ನು ಒಳಗೂ ಕಳಿಸಿ: (ಅ) ಬೆಳಗಾವಿ ಜಿಲ್ಲೆಯಲ್ಲಿ ಹೆಣ್ಣುಮಕ್ಕಳ ಚಿತ್ರ ತಿರುಚಿದ ಬಗ್ಗೆ ಕಳೆದ ಮೂರು ವರ್ಷಗಳಲ್ಲಿ ದಾಖಲಾದ ಪ್ರಕರಣಗಳೆಷ್ಟು, ತಾಲ್ಲೂಕುವಾರು, (ಆ) ಇವುಗಳಲ್ಲಿ ದೋಷಾರೋಪಪಟ್ಟಿ ಸಲ್ಲಿಸಿದವು ಎಷ್ಟು, ಶಿಕ್ಷೆಯಾದವು ಎಷ್ಟು, (ಇ) ಕ್ಷೇಮಾಭಿವೃದ್ಧಿ ನಿಧಿಯಡಿ ನೋಂದಣಿಯಾದ ಚೌಡಿಕೆ, ಸಣ್ಣಾಟ, ಪಾರಿಜಾತ ಹಾಗೂ ಯೂಟ್ಯೂಬ್ ಜಾನಪದ ಗಾಯಕರ ಸಂಖ್ಯೆ ಎಷ್ಟು, ಪ್ರತ್ಯೇಕವಾಗಿ?

ಪ್ರಶ್ನೆಗೆ ಹದಿನೈದು ಪೂರ್ಣ ದಿನಗಳ ಸೂಚನೆ ಬೇಕು. ಅಧಿವೇಶನ ಡಿಸೆಂಬರಿನಲ್ಲಿ ಎಂದಾದರೆ ದೀಪಾವಳಿಯ ಪಟಾಕಿ ಸದ್ದು ಅಡಗುವ ಹೊತ್ತಿಗೆ ಶಾಸಕರ ಮನೆಯಲ್ಲಿ ಹಾಳೆ ಇರಬೇಕು. ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಅವರ ಆಪ್ತ ಸಹಾಯಕರಿಂದ ತಾರೀಖು ಹಾಕಿಸಿ ಸಹಿ ಪಡೆಯಿರಿ. ಅವರು ಸಾಹೇಬರಿಗೆ ಹೇಳುತ್ತೇನೆ ಹೋಗಿ ಎನ್ನುತ್ತಾರೆ, ನಾನೂ ಹಾಗೇ ಹೇಳುತ್ತಿದ್ದೆ. ಸಹಿ ಆಗುವವರೆಗೆ ಎದ್ದು ಬರಬೇಡಿ.