ಬೀಗ ಹಾಕಿಕೊಂಡ ಒಲೆ

ಹುಮನಾಬಾದ್

ಚಿ. ಸೌ. ಮೊಮ್ಮಗಳಿಗೆ ಆಯಿಯ ಆಶೀರ್ವಾದಗಳು. ವೀರಭದ್ರೇಶ್ವರನ ಜಾತ್ರೆ ಹತ್ತಿರ ಬಂತು. ಸಾರಿಸುವುದಕ್ಕೆ ಈಗ ಮಣ್ಣಿನ ಅಂಗಳ ಉಳಿದಿಲ್ಲ, ಆದರೂ ಮನೆ ತೊಳೆಯುವ ಗದ್ದಲವೇನೂ ಕಡಿಮೆಯಾಗಿಲ್ಲ.

ನಿನ್ನೆ ಫೋನಿನಲ್ಲಿ ಹೊಸ ಮನೆಯ ಅಡುಗೆಮನೆ ತೋರಿಸಿದಿ. "ಆಯಿ, ಈ ಓವನ್ ತನ್ನಷ್ಟಕ್ಕ ತಾನೇ ಸ್ವಚ್ಛ ಆಗ್ತದ. ಗೃಹಪ್ರವೇಶದ ಹಿಂದಿನ ದಿನ ಗುಂಡಿ ಒತ್ತಿಬಿಡ್ತೀನಿ" ಅಂದಿ. ನಾನು ನಕ್ಕು ಸುಮ್ಮನಾದೆ. ರಾತ್ರಿ ಮಲಗಿದಾಗ ಮಾತ್ರ ಆ ಓವನ್ನಿನ ಪಕ್ಕದ ಕಿಟಕಿಗೆ ನೇತುಹಾಕಿದ್ದ ಪಂಜರ, ಅದರೊಳಗಿನ ಲವ್‌ಬರ್ಡ್ಸ್ ಜೋಡಿ ಕಣ್ಣಿಗೆ ಕಟ್ಟಿ ನಿದ್ದೆ ಹತ್ತಲಿಲ್ಲ. ಅದಕ್ಕೇ ಈ ಕಾಗದ.

ನೀನು ಎರಡನೇ ಕ್ಲಾಸಿನಲ್ಲಿದ್ದಾಗ ನಿನ್ನ ಸೋದರತ್ತೆಯ ಬಾಣಂತನಕ್ಕೆ ಅಂತ ನಾನು ನ್ಯೂಜೆರ್ಸಿಗೆ ಹೋಗಿದ್ದೆನಲ್ಲ, ಆಗಿನ ಮಾತು. ಆ ಮನೆಯಲ್ಲಿ ಓವನ್ ಅಂದರೆ ಕಪಾಟು. ಬಾಣಲೆ, ಮುಚ್ಚಳ, ತಟ್ಟೆ ಎಲ್ಲ ಅದರ ಹೊಟ್ಟೆಯೊಳಗೆ. ಥಂಡಿ ತಾಗದ, ಒಣಗಿದ ಜಾಗ ಅಂತ ನಾನು ಇಲ್ಲಿಂದ ಒಯ್ದ ಖಡಕ್ ರೊಟ್ಟಿಯ ಗಂಟನ್ನೂ ಶೇಂಗಾ ಹಿಂಡಿಯ ಪ್ಲಾಸ್ಟಿಕ್ ಡಬ್ಬಿಯನ್ನೂ ಅಲ್ಲೇ ಹಿಂದಕ್ಕೆ ತಳ್ಳಿ ಇಟ್ಟಿದ್ದೆ. ತೊಟ್ಟಿಲ ಶಾಸ್ತ್ರದ ಹಿಂದಿನ ದಿನ ಅಳಿಯ ಪಾತ್ರೆಗಳನ್ನೆಲ್ಲ ತೆಗೆದಿಟ್ಟು ಗುಂಡಿ ಒತ್ತಿದ. ಗಂಟು ಅವನ ಕಣ್ಣಿಗೆ ಬೀಳಲಿಲ್ಲ. ನಾನು ಕೂಸಿಗೆ ಎಣ್ಣೆ ಹಚ್ಚುತ್ತಿದ್ದೆ.

ಕಟಕ್ ಅಂತ ಬಾಗಿಲು ಬೀಗ ಹಾಕಿಕೊಂಡಿತು. ಸ್ವಲ್ಪ ಹೊತ್ತಿಗೆ ರೊಟ್ಟಿ ಸೀದ ವಾಸನೆ, ಆಮೇಲೆ ಪ್ಲಾಸ್ಟಿಕ್ಕಿನ ಕಮಟು, ಕಪ್ಪು ಹೊಗೆ. ಹೊಗೆ ಗಂಟೆ ಕಿವಿ ಹರಿಯುವ ಹಾಗೆ ಹೊಡೆದುಕೊಳ್ಳತೊಡಗಿತು. ನಾನು ಹಿಡಿಕೆ ಹಿಡಿದು ಜಗ್ಗಿದ್ದೇ ಜಗ್ಗಿದ್ದು. ಅದು ಬಿಟ್ಟುಕೊಡಲಿಲ್ಲ, ಪುಣ್ಯ! ಬಾಗಿಲು ತೆರೆದಿದ್ದರೆ ಗಾಳಿ ನುಗ್ಗಿ ಭಗ್ಗೆನ್ನುತ್ತಿತ್ತು ಅಂತ ಅಳಿಯ ಆಮೇಲೆ ಹೇಳಿದ. ಓವನ್ ಆರಿಸಿ, ಹಿಮ ಬೀಳುತ್ತಿದ್ದರೂ ಕಿಟಕಿಗಳನ್ನೆಲ್ಲ ತೆರೆದು, ತಾಯಿ ಕೂಸನ್ನು ಕೌದಿ ಹೊದಿಸಿ ನೆರೆಮನೆಗೆ ಕಳಿಸಿದೆವು. ಆರಿಸಿದ ಮೇಲೂ ಬೀಗ ಒಂದು ತಾಸಿಗಿಂತ ಹೆಚ್ಚು ಬಿಡಲಿಲ್ಲ. ಒಳಗಿನ ಕಾವು ಇಳಿಯುವವರೆಗೆ ಅದು ಯಾರ ಮಾತೂ ಕೇಳುವುದಿಲ್ಲ.

ಮಾರನೇ ದಿನ ಓವನ್ ಹೊತ್ತಿಕೊಳ್ಳಲೇ ಇಲ್ಲ. ಅತಿಯಾದ ಬಿಸಿಗೆ ಒಳಗಿನ ಫ್ಯೂಸ್ ಹೋಗಿದೆ, ಹಬ್ಬ ಎದುರಿಗಿದ್ದಾಗ ಈ ಗುಂಡಿ ಮುಟ್ಟಬೇಡಿ ಎಂದ ರಿಪೇರಿಯವ. ಬೆಳ್ಳಗೆ ಹೊಳೆಯುತ್ತಿದ್ದ ಜಾಲರಿ ತಟ್ಟೆಗಳು ಮಂಕಾಗಿ, ಎಳೆದರೆ ಕಿರ್ ಅನ್ನುತ್ತಿದ್ದವು. ಅವನ್ನು ಮೊದಲೇ ಹೊರಗೆ ತೆಗೆಯಬೇಕಿತ್ತಂತೆ. ತೊಟ್ಟಿಲ ಶಾಸ್ತ್ರದ ಊಟ ಹೊಟೇಲಿನಿಂದ ಬಂತು.

ಒಳಗೆ ಎಷ್ಟು ಕಾಯುತ್ತದೆ ಗೊತ್ತೇನು? ನಿಮ್ಮ ಫ್ಯಾರನ್‌ಹೀಟ್ ಲೆಕ್ಕದಲ್ಲಿ 900 ಡಿಗ್ರಿ, ನಮ್ಮ ಸೆಲ್ಸಿಯಸ್ ಲೆಕ್ಕದಲ್ಲಿ ಸುಮಾರು 480. ನಿನಗೆ ಕೊಟ್ಟ ಬಿದರಿ ಡಬ್ಬಿ ಇದೆಯಲ್ಲ, ಅದರಲ್ಲಿ ಹೆಚ್ಚಿನ ಪಾಲು ಸತುವು. ಅದು 419 ಡಿಗ್ರಿಗೇ ಕರಗುತ್ತದೆ! ಅಷ್ಟು ಕಾವಿನಲ್ಲಿ ಜಿಡ್ಡೆಲ್ಲ ಸುಟ್ಟು ಬೂದಿಯಾಗುತ್ತದೆ, ಆರಿದ ಮೇಲೆ ಹಸಿ ಅರಿವೆಯಿಂದ ಒರೆಸಬೇಕು. ಜನರಲ್ ಎಲೆಕ್ಟ್ರಿಕ್‌ನವರು ಇಂಥ ಓವನ್ ಮಾರಾಟಕ್ಕೆ ತಂದದ್ದು 1963ರಲ್ಲಿ. ಆ ಕಾಲದಲ್ಲಿ ನಮ್ಮಲ್ಲಿ ತೊಗರಿ ಕಟ್ಟಿಗೆಯ ಒಲೆ. ದಿನಾ ಬೆಳಿಗ್ಗೆ ಬೂದಿ ತೆಗೆದು, ಅದೇ ಬೂದಿಯಿಂದ ಪಾತ್ರೆ ತಿಕ್ಕಿ, ಒಲೆಗೆ ಸಗಣಿ ಸಾರಿಸುತ್ತಿದ್ದೆವು. ಅದು ಸುಖವಾಗಿತ್ತು ಅಂತ ನಾನು ಹೇಳುತ್ತಿಲ್ಲ, ಸೊಂಟ ಬಿದ್ದುಹೋಗುತ್ತಿತ್ತು. ಆದರೆ ದಿನಾ ಕೈಯಾಡಿಸುತ್ತಿದ್ದ ಒಲೆಯೊಳಗೆ ಏನಿದೆ ಅಂತ ನಮಗೆ ಗೊತ್ತಿರುತ್ತಿತ್ತು.

ಈಗ ಹಕ್ಕಿಗಳ ಮಾತು. ನಾನ್‌ಸ್ಟಿಕ್ ಲೇಪನ ಅತಿಯಾಗಿ ಕಾದರೆ ಅದರಿಂದ ಬರುವ ಅನಿಲ ಹಕ್ಕಿಗಳ ಜೀವ ತೆಗೆಯುತ್ತದೆ, ನಮಗೆ ವಾಸನೆ ಹತ್ತುವ ಮೊದಲೇ. ಬರೀ ಜಿಡ್ಡು ಸುಟ್ಟ ಹೊಗೆಯೂ ಅವಕ್ಕೆ ಆಗಿಬರುವುದಿಲ್ಲ. ಗುಂಡಿ ಒತ್ತುವ ದಿನ ಪಂಜರವನ್ನು ಬೇರೆ ಕೋಣೆಗಲ್ಲ, ಬೇರೆ ಮನೆಗೇ ಕಳಿಸು. ಒಳಗೆ ತವೆ, ಅಲ್ಯೂಮಿನಿಯಂ ಹಾಳೆ ಯಾವುದೂ ಇರಬಾರದು, ಹಾಳೆ ತಳಕ್ಕೆ ಅಂಟಿದರೆ ಏಳುವುದಿಲ್ಲ. ದಪ್ಪ ಜಿಡ್ಡನ್ನು ಮೊದಲು ಕೈಯಿಂದಲೇ ಒರೆಸಿ ತೆಗೆ. ಓವನ್ ತೊಳೆಯುವ ಔಷಧಿ ಹೊಡೆಯಬೇಡ. ಬಾಗಿಲ ಸುತ್ತಿನ ಪಟ್ಟಿಯನ್ನು ತಿಕ್ಕಲೇಬೇಡ, ಅದು ಹಾಳಾದರೆ ಕಾವು ಹೊರಗೆ ಸೋರುತ್ತದೆ. ಗೃಹಪ್ರವೇಶ ಮುಗಿಯಲಿ, ಆಮೇಲೆ ಬಿಡುವಾಗಿ ಮಾಡು. ಗುಂಡಿ ಒತ್ತಿ ಅಂಗಡಿಗೆ ಹೋಗಬೇಡ, ಮನೆಯಲ್ಲೇ ಇರು.

ನಮ್ಮ ಓಣಿಯ ಹುಡುಗ ಮುಂದಿನ ವಾರ ನಿಮ್ಮ ಕಡೆ ಬರುತ್ತಿದ್ದಾನೆ. ಐವತ್ತು ಖಡಕ್ ರೊಟ್ಟಿ ಬಿಳಿ ಅರಿವೆಯಲ್ಲಿ ಕಟ್ಟಿ, ಜೊತೆಗೆ ಶೇಂಗಾ ಹಿಂಡಿ ಇಟ್ಟು ಕಳಿಸುತ್ತೇನೆ. ಕೈಗೆ ಮುಟ್ಟಿದ ಕೂಡಲೇ ಫೋನ್ ಮಾಡಿ, ಎಲ್ಲಿ ಇಟ್ಟಿ ಅಂತ ಹೇಳು.

ನಿನ್ನ ಆಯಿ